ಕನ್ನಡ ಬರಹಕ್ಕೆ ಆಟೋಕರೆಕ್ಟ್ ಹೊಂದಿಸಿಕೊಳ್ಳುವುದು

(ಕಲಬುರಗಿಯಲ್ಲಿ ಶಿಕ್ಷಕರು, ಪಂಚಾಯಿತಿ ಸಿಬ್ಬಂದಿ ಹಾಗೂ ಡಿಟಿಪಿ ಕೆಲಸದವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ವರ್ಡ್ ಪ್ರೊಸೆಸರ್‌ನಲ್ಲಿ ನಾವು ಕೇಳದೆಯೇ ನಡೆಯುವ ಕೆಲಸಗಳಲ್ಲಿ ಆಟೋಕರೆಕ್ಟ್, ಅಂದರೆ ಸ್ವಯಂ ತಿದ್ದುಪಡಿ, ಮುಖ್ಯವಾದದ್ದು. ಈ ಸಭೆಯಲ್ಲಿರುವ ಬಹುತೇಕರು ದಿನವಿಡೀ ಕನ್ನಡದಲ್ಲಿ ಟೈಪ್ ಮಾಡುವವರು. ಗ್ರಾಮಸಭೆಯ ನಡಾವಳಿ, ಪ್ರಶ್ನೆಪತ್ರಿಕೆ, ತಹಸೀಲ್ದಾರರಿಗೆ ಬರೆಯುವ ಅರ್ಜಿ, ಲಗ್ನಪತ್ರಿಕೆ, ಎಲ್ಲವೂ ನಿಮ್ಮ ಕೈಯಿಂದಲೇ ಹೊರಬೀಳುತ್ತವೆ. ಬೆರಳು ಒಂದನ್ನು ಒತ್ತಿ, ಪರದೆಯ ಮೇಲೆ ಇನ್ನೊಂದು ಮೂಡಿದಾಗ, ಅದನ್ನು ಅಳಿಸಿ ಮತ್ತೆ ಟೈಪ್ ಮಾಡಿ, ಅದು ಮತ್ತೆ ಬದಲಾದಾಗ ಕಂಪ್ಯೂಟರ್‌ಗೆ ವೈರಸ್ ಬಂದಿದೆ ಎಂದು ತೀರ್ಮಾನಿಸುವವರನ್ನು ನಾವೆಲ್ಲರೂ ಕಂಡಿದ್ದೇವೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಈ ಸೌಲಭ್ಯವನ್ನು ಇಂಗ್ಲಿಷ್ ಬರೆಯುವವರ ಅಗತ್ಯಕ್ಕೆ ತಕ್ಕಂತೆ ಹೊಂದಿಸಿ ಕಳಿಸಿರುತ್ತಾರೆ; ಕನ್ನಡ ಬರೆಯುವವರು ಅದರಲ್ಲಿ ಬಹುಪಾಲನ್ನು ಮೊದಲು ನಿಲ್ಲಿಸಿ, ಆಮೇಲೆ ತಮಗೆ ಬೇಕಾದಷ್ಟನ್ನು ಮಾತ್ರ ತಾವೇ ಕಟ್ಟಿಕೊಳ್ಳಬೇಕು.

ಇದು ಹುಟ್ಟಿದ ಬಗೆಯನ್ನು ತಿಳಿದರೆ ಇದರ ಸ್ವಭಾವ ಅರ್ಥವಾಗುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮೊದಲು ಗ್ಲಾಸರಿ ಎಂಬ ಸೌಲಭ್ಯವಿತ್ತು. ಒಂದು ಚಿಕ್ಕ ಪದವನ್ನು ಟೈಪ್ ಮಾಡಿ ಎಫ್3 ಕೀಲಿ ಒತ್ತಿದರೆ ಅದರ ಜಾಗದಲ್ಲಿ ಮೊದಲೇ ಉಳಿಸಿಟ್ಟ ದೊಡ್ಡ ಪಠ್ಯ ಬಂದು ಕೂರುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಡೀನ್ ಹಚಮೊವಿಚ್ ಎಂಬ ಎಂಜಿನಿಯರ್ ಇದೇ ಉಪಾಯದಿಂದ ಇಂಗ್ಲಿಷಿನ ‘ದಿ’ ಎಂಬ ಪದದ ಅಕ್ಷರಗಳು ಹಿಂದುಮುಂದಾದಾಗ ಸರಿಪಡಿಸಬಹುದೆಂದು ಕಂಡುಕೊಂಡರು. ಎಫ್3 ಒತ್ತುವ ಕೆಲಸವನ್ನು ಸ್ಪೇಸ್‌ಬಾರ್‌ಗೇ ವಹಿಸಿದಾಗ ಇಂದಿನ ಆಟೋಕರೆಕ್ಟ್ ಸಿದ್ಧವಾಯಿತು. 1993ರ ವರ್ಡ್ 6ರಲ್ಲಿ ಅದು ಜನರ ಕೈಗೆ ಬಂತು. ಇಲ್ಲಿ ಗಮನಿಸಬೇಕಾದದ್ದು, ಇದು ಭಾಷೆಯನ್ನು ಅರಿತು ತಿದ್ದುವುದಿಲ್ಲ ಎಂಬುದು. ಎಡಗಡೆ ಒಂದು ಪದ, ಬಲಗಡೆ ಒಂದು ಪದ ಇರುವ ಪಟ್ಟಿಯೊಂದಿದೆ. ನೀವು ಸ್ಪೇಸ್, ಎಂಟರ್ ಅಥವಾ ವಿರಾಮಚಿಹ್ನೆ ಒತ್ತಿದ ಕೂಡಲೇ ಹಿಂದಿನ ಪದವು ಎಡಗಡೆಯ ಪಟ್ಟಿಯಲ್ಲಿದೆಯೇ ಎಂದು ಅದು ನೋಡುತ್ತದೆ, ಇದ್ದರೆ ಬದಲಿಸುತ್ತದೆ. ಆಚೀಚೆಯ ಅರ್ಥಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬರುವ ತೊಡಕುಗಳಲ್ಲಿ ಅರ್ಧದಷ್ಟು ಇದರಿಂದಲೇ ಹುಟ್ಟುತ್ತವೆ.

ವರ್ಡ್‌ನಲ್ಲಿ ಫೈಲ್, ಅದರಲ್ಲಿ ಆಪ್ಷನ್ಸ್, ಅದರಲ್ಲಿ ಪ್ರೂಫಿಂಗ್, ಅಲ್ಲಿ ಆಟೋಕರೆಕ್ಟ್ ಆಪ್ಷನ್ಸ್ ಎಂಬ ಗುಂಡಿ. ಲಿಬ್ರೆಆಫೀಸ್ ರೈಟರ್ ಎಂಬ ಇನ್ನೊಂದು ವರ್ಡ್ ಪ್ರೊಸೆಸರ್‌ನಲ್ಲಿ ಟೂಲ್ಸ್ ಮೆನುವಿನ ಒಳಗೇ ಇದು ಸಿಗುತ್ತದೆ. ಪೆಟ್ಟಿಗೆ ತೆರೆದಾಗ ಅದರ ಮೇಲ್ಭಾಗದಲ್ಲಿ ಯಾವ ಭಾಷೆಯ ಹೆಸರಿದೆ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಪ್ರತಿ ಭಾಷೆಗೂ ಬೇರೆ ಪಟ್ಟಿ ಇರುತ್ತದೆ. ಕನ್ನಡದ ಸಾಲೊಂದರ ಒಳಗೆ ಕರ್ಸರ್ ಇಟ್ಟು ಪೆಟ್ಟಿಗೆ ತೆರೆಯುವುದು ಒಳ್ಳೆಯ ರೂಢಿ; ಇಲ್ಲವಾದರೆ ನೀವು ಶ್ರಮಪಟ್ಟು ತುಂಬಿದ ಕನ್ನಡದ ಪದಗಳೆಲ್ಲ ಅಮೆರಿಕದ ಇಂಗ್ಲಿಷಿನ ಪಟ್ಟಿಗೆ ಸೇರಿ, ಕನ್ನಡ ಟೈಪ್ ಮಾಡುವಾಗ ಕೆಲಸಕ್ಕೆ ಬಾರದೆ ಹೋಗಬಹುದು.

ಈಗ ನಮ್ಮ ಊರಿನ ಟೈಪಿಂಗ್ ಅಂಗಡಿಗಳಲ್ಲಿ ಅತಿ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಂದು ಬಹಳ ಕಾಲವಾಗಿದ್ದರೂ ಮಿನಿ ವಿಧಾನಸೌಧದ ಸುತ್ತಮುತ್ತಲಿನ ಅಂಗಡಿಗಳಲ್ಲಿ, ಮುದ್ರಣಾಲಯಗಳಲ್ಲಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳ ಬಳಕೆ ಇಂದಿಗೂ ನಿಂತಿಲ್ಲ. ಆ ಫಾಂಟುಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಕನ್ನಡದ ಅಕ್ಷರಗಳನ್ನಲ್ಲ, ರೋಮನ್ ಅಕ್ಷರಗಳನ್ನು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಇಂಗ್ಲಿಷಿನ ಸಣ್ಣ ‘ಡಿ’ ಇರುವ ಸ್ಥಾನದಲ್ಲಿ ‘ಜ’ ಇದೆ, ದೊಡ್ಡ ‘ಡಿ’ ಸ್ಥಾನದಲ್ಲಿ ‘ಆ’ ಇದೆ. ಈಗ ವಾಕ್ಯದ ಆರಂಭದಲ್ಲಿ ‘ಜನರು’ ಎಂದು ಟೈಪ್ ಮಾಡಿ ಸ್ಪೇಸ್ ಒತ್ತಿದರೆ ಏನಾಗುತ್ತದೆ? ವರ್ಡ್‌ನ ಕಣ್ಣಿಗೆ ಕಾಣುವುದು ಸಣ್ಣ ಅಕ್ಷರದಿಂದ ಶುರುವಾದ ಇಂಗ್ಲಿಷ್ ವಾಕ್ಯ. ವಾಕ್ಯದ ಮೊದಲ ಅಕ್ಷರ ದೊಡ್ಡದಿರಬೇಕೆಂಬ ನಿಯಮ ಚಾಲೂ ಇರುವುದರಿಂದ ಅದು ಸಣ್ಣ ‘ಡಿ’ಯನ್ನು ದೊಡ್ಡದು ಮಾಡುತ್ತದೆ, ಪರದೆಯ ಮೇಲೆ ‘ಆನರು’ ಎಂದು ಮೂಡುತ್ತದೆ. ‘ಜನವರಿ’ ‘ಆನವರಿ’ಯಾಗುವುದೂ ಹೀಗೆಯೇ. ‘ರಾಜ್ಯ’ ಎಂಬುದರ ರಕಾರ ಸಣ್ಣ ‘ಜಿ’ಯ ಸ್ಥಾನದಲ್ಲಿರುವುದರಿಂದ, ದೊಡ್ಡ ‘ಜಿ’ಯ ಸ್ಥಾನದಲ್ಲಿರುವ ‘ಉ’ ಬಂದು, ಉಕಾರಕ್ಕೆ ದೀರ್ಘದ ಗುರುತು ತಗುಲಿಕೊಂಡ ವಿಚಿತ್ರ ರೂಪವೊಂದು ಹುಟ್ಟುತ್ತದೆ.

ವಾಕ್ಯದ ಆರಂಭದಲ್ಲಿ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ. ವರ್ಡ್‌ನ ಲೆಕ್ಕದಲ್ಲಿ ಚುಕ್ಕೆ ಬಂದರೆ ವಾಕ್ಯ ಮುಗಿಯಿತು. ವಿಳಾಸದಲ್ಲಿ ತಾಲ್ಲೂಕು ಎಂಬುದನ್ನು ‘ತಾ.’ ಎಂದು ಚುಟುಕಾಗಿಸಿ, ಅದರ ಮುಂದೆ ‘ಜೇವರ್ಗಿ’ ಎಂದು ಬರೆದರೆ, ಆ ‘ಜೇ’ಯ ಮೊದಲ ತುಂಡು ಇಂಗ್ಲಿಷಿನ ಸಣ್ಣ ‘ಇ’ಯಿಂದ ದೊಡ್ಡ ‘ಇ’ಗೆ ಜಿಗಿದು ಜೇವರ್ಗಿಯ ತಲೆಯೇ ಬದಲಾಗುತ್ತದೆ. ರೂ., ನಂ., ಡಾ., ಶ್ರೀ. ಎಲ್ಲದರ ಮುಂದೆಯೂ ಇದೇ ಅಪಾಯವಿದೆ. ಆಸ್ಕಿ ಫಾಂಟು ಬಳಸುವವರು ಆಟೋಕರೆಕ್ಟ್ ಪೆಟ್ಟಿಗೆಯ ಮೊದಲ ಪುಟದಲ್ಲಿರುವ ದೊಡ್ಡಕ್ಷರಗಳ ಕುರಿತಾದ ಐದು ಟಿಕ್ ಗುರುತುಗಳನ್ನೂ ತೆಗೆದುಹಾಕಬೇಕು: ಎರಡು ದೊಡ್ಡಕ್ಷರ ಒಟ್ಟಿಗೆ ಬಂದರೆ ತಿದ್ದುವುದು, ವಾಕ್ಯದ ಮೊದಲಕ್ಷರ, ಕೋಷ್ಟಕದ ಮನೆಯ ಮೊದಲಕ್ಷರ, ವಾರಗಳ ಹೆಸರು, ಕ್ಯಾಪ್ಸ್‌ಲಾಕ್ ತಪ್ಪು. ಯೂನಿಕೋಡ್‌ನಲ್ಲಿ ಬರೆಯುವವರಿಗೆ ಇವುಗಳಿಂದ ಹಾನಿಯಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲದ್ದರಿಂದ ಆ ನಿಯಮಗಳು ಸುಮ್ಮನೆ ಬಿದ್ದಿರುತ್ತವೆ. ಯೂನಿಕೋಡ್‌ಗೆ ಬನ್ನಿ ಎಂದು ಹೇಳಲು ನನಗೆ ಬೇರೆ ಕಾರಣಗಳೂ ಇವೆ, ಆದರೆ ಇದೊಂದೇ ಸಾಕು.

ಎರಡನೆಯ ಗುಂಪು ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್ ಎಂಬ ಪುಟದಲ್ಲಿದೆ. ಇವು ಯೂನಿಕೋಡ್‌ನವರನ್ನೂ ಬಿಡುವುದಿಲ್ಲ. ಇವುಗಳಲ್ಲಿ ಒಂದು ಭಿನ್ನರಾಶಿಗೆ ಸಂಬಂಧಿಸಿದ್ದು: ನೀವು 1/2 ಎಂದು ಬರೆದು ಸ್ಪೇಸ್ ಕೊಟ್ಟರೆ ವರ್ಡ್ ಅದನ್ನು ½ ಮಾಡುತ್ತದೆ, 1/4 ಮತ್ತು 3/4ಕ್ಕೂ ಇದೇ ಗತಿ. ಅಡುಗೆಯ ಪುಸ್ತಕಕ್ಕೆ ಇದು ಚೆಂದ. ಆದರೆ ನಮ್ಮ ಭಾಗದಲ್ಲಿ ದಿನಬೆಳಗಾದರೆ ಟೈಪ್ ಆಗುವುದು ಜಮೀನಿನ ಕಾಗದ. ಸರ್ವೆ ನಂಬರ್ 1/2 ಎಂದರೆ ಒಂದನೆಯ ಸರ್ವೆ ನಂಬರಿನ ಎರಡನೆಯ ಹಿಸ್ಸಾ. ಅದು ಪತ್ರದಲ್ಲಿ ‘ಸರ್ವೆ ನಂಬರ್ ½’ ಎಂದು ಅಚ್ಚಾದರೆ ಓದುವವರಿಗೆ ಅರ್ಧ ಎಂಬ ಅರ್ಥ ಬರುತ್ತದೆ, ಮತ್ತು ಮುಂದೆಂದಾದರೂ ಆ ಕಡತದಲ್ಲಿ 1/2 ಎಂದು ಹುಡುಕಿದರೆ ಸಿಗುವುದೂ ಇಲ್ಲ. ಅದೇ ಪಟ್ಟಿಯಲ್ಲಿರುವ 2/3 ಹಾಗೆಯೇ ಉಳಿದು, 3/4 ಮಾತ್ರ ಬದಲಾಗುವುದರಿಂದ ಕಣ್ಣು ತಪ್ಪುವ ಸಂಭವ ಇನ್ನೂ ಹೆಚ್ಚು. ಈ ಗುರುತನ್ನು ನಿಸ್ಸಂಕೋಚವಾಗಿ ತೆಗೆಯಿರಿ. ಎಕ್ಸೆಲ್‌ನಲ್ಲಿ ಇದೇ 3/4 ತಾರೀಕಾಗಿಬಿಡುತ್ತದೆ, ಅಲ್ಲಿ ಆ ಮನೆಗಳನ್ನು ಮೊದಲೇ ಟೆಕ್ಸ್ಟ್ ಎಂದು ಗೊತ್ತುಪಡಿಸಬೇಕು. ಇದು ನಮಗೆ ಮಾತ್ರ ಬಂದ ಕಷ್ಟವಲ್ಲ. ಮಾನವ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು 2020ರಲ್ಲಿ ಕೆಲವು ಜೀನ್‌ಗಳ ಸಂಕೇತನಾಮವನ್ನೇ ಬದಲಿಸಿತು, ಏಕೆಂದರೆ ‘ಮಾರ್ಚ್’, ‘ಸೆಪ್ಟ್’ ಎಂದು ಶುರುವಾಗುತ್ತಿದ್ದ ಆ ಹೆಸರುಗಳನ್ನು ಎಕ್ಸೆಲ್ ತಾರೀಕೆಂದೇ ತಿಳಿಯುತ್ತಿತ್ತು.

ಕಚೇರಿಯ ಪತ್ರಗಳಲ್ಲಿ ಉಲ್ಲೇಖ ಮುಗಿದು ಪತ್ರದ ಒಡಲು ಆರಂಭವಾಗುವ ನಡುವೆ ನಕ್ಷತ್ರಗಳ ಸಾಲು ಹಾಕುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿದೆ. ವರ್ಡ್‌ನಲ್ಲಿ ಮೂರು ನಕ್ಷತ್ರ ಹಾಕಿ ಎಂಟರ್ ಒತ್ತಿದರೆ ಅವು ಮಾಯವಾಗಿ, ಪುಟದ ಈ ಅಂಚಿನಿಂದ ಆ ಅಂಚಿನವರೆಗೆ ಚುಕ್ಕೆಗಳ ಗೆರೆಯೊಂದು ಬರುತ್ತದೆ. ಮೂರು ಅಡ್ಡಗೆರೆ ಹಾಕಿದರೆ ತೆಳು ಗೆರೆ, ಮೂರು ಸಮಚಿಹ್ನೆ ಹಾಕಿದರೆ ಜೋಡಿ ಗೆರೆ. ಈ ಗೆರೆಯನ್ನು ಅಳಿಸಲು ಡಿಲೀಟ್, ಬ್ಯಾಕ್‌ಸ್ಪೇಸ್ ಎಷ್ಟು ಒತ್ತಿದರೂ ಹೋಗದೆ ಜನ ಬೇಸತ್ತು ಹೊಸ ಕಡತ ತೆರೆಯುವುದುಂಟು. ಅದು ಅಕ್ಷರವಲ್ಲ, ಮೇಲಿನ ಪ್ಯಾರಾಗೆ ಅಂಟಿಕೊಂಡಿರುವ ಬಾರ್ಡರ್. ಆ ಪ್ಯಾರಾದಲ್ಲಿ ಕರ್ಸರ್ ಇಟ್ಟು, ಹೋಮ್ ಪಟ್ಟಿಯ ಬಾರ್ಡರ್ಸ್ ಗುಂಡಿಯಲ್ಲಿ ನೋ ಬಾರ್ಡರ್ ಆರಿಸಿದರೆ ಹೋಗುತ್ತದೆ. ಮತ್ತೆ ಬಾರದಿರಲು ಬಾರ್ಡರ್ ಲೈನ್ಸ್ ಎಂಬ ಗುರುತನ್ನು ತೆಗೆಯಬೇಕು. ಲಿಬ್ರೆಆಫೀಸ್‌ನಲ್ಲೂ ಇದಕ್ಕೆ ಸಮಾನವಾದ ಆಯ್ಕೆ ಇದೆ.

ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಟೈಪ್ ಮಾಡುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಕಾಯ್ದೆಯ ಉಪಖಂಡವನ್ನು ಆವರಣದೊಳಗಿನ ‘ಸಿ’ ಎಂದು ಬರೆದರೆ ಅದು © ಆಗುತ್ತದೆ, ‘ಆರ್’ ಎಂದರೆ ® ಆಗುತ್ತದೆ. ಇವೆರಡು ಸಾಲುಗಳನ್ನು ಪಟ್ಟಿಯಿಂದ ಅಳಿಸುವುದು ವಕೀಲರ ಬಳಿ ಕೆಲಸ ಮಾಡುವವರಿಗೆ ಕಡ್ಡಾಯ. ತಕ್ಷಣದ ಪರಿಹಾರ ಬೇಕಾದರೆ, ಬದಲಾದ ಮರುಕ್ಷಣವೇ ಕಂಟ್ರೋಲ್ ಹಿಡಿದು ಜೆಡ್ ಒತ್ತಿ. ತಿದ್ದುಪಡಿ ಮಾತ್ರ ಹಿಂದಕ್ಕೆ ಹೋಗುತ್ತದೆ, ನೀವು ಬರೆದದ್ದು ಉಳಿಯುತ್ತದೆ. ಈ ಒಂದು ಉಪಾಯ ಎಲ್ಲ ಸ್ವಯಂ ತಿದ್ದುಪಡಿಗೂ ಅನ್ವಯಿಸುತ್ತದೆ.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸಾಲಿನ ಮೊದಲು ಅಡ್ಡಗೆರೆ ಹಾಕಿದರೆ ಬುಲೆಟ್, ‘1.’ ಎಂದು ಬರೆದರೆ ಕ್ರಮಸಂಖ್ಯೆಯ ಪಟ್ಟಿ ತಾನಾಗಿ ಶುರುವಾಗುವುದು ಸಂಭಾಷಣೆ ಬರೆಯುವ ನಾಟಕಕಾರರಿಗೂ ಪ್ರಶ್ನೆಪತ್ರಿಕೆ ಮಾಡುವ ಶಿಕ್ಷಕರಿಗೂ ತೊಂದರೆ; ಆ ಗುರುತುಗಳನ್ನು ತೆಗೆಯಿರಿ. ಇಮೇಲ್ ವಿಳಾಸ ನೀಲಿ ಕೊಂಡಿಯಾಗುವುದು ಮುದ್ರಣಕ್ಕೆ ಬೇಡ. ನೇರ ಉದ್ಧರಣಚಿಹ್ನೆ ಬಾಗಿದ ಚಿಹ್ನೆಯಾಗುವುದನ್ನು ಮಾತ್ರ ನಾನು ಉಳಿಸಿಕೊಳ್ಳುತ್ತೇನೆ, ಅಚ್ಚಿನಲ್ಲಿ ಅದೇ ಚೆಂದ. ಆದರೆ ’90ರ ದಶಕ ಎಂಬಲ್ಲಿ ಅದು ಮುಚ್ಚುವ ಚಿಹ್ನೆಯ ಬದಲು ತೆರೆಯುವ ಚಿಹ್ನೆ ಹಾಕುತ್ತದೆ, ನೋಡಿ ತಿದ್ದಬೇಕು.

ಇನ್ನು ಕಟ್ಟಿಕೊಳ್ಳುವ ಕೆಲಸ. ನನ್ನ ಮಟ್ಟಿಗೆ ಆಟೋಕರೆಕ್ಟ್‌ನ ನಿಜವಾದ ಉಪಯೋಗ ಇಲ್ಲಿದೆ. ‘ಕಕಮಂ’ ಎಂದು ಬರೆದರೆ ‘ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ’ ಎಂದು ಬರುವಂತೆ ಮಾಡಿಕೊಂಡರೆ ದಿನಕ್ಕೆ ಎಷ್ಟು ಬಾರಿ ಬೆರಳಿಗೆ ವಿಶ್ರಾಂತಿ ಸಿಗುತ್ತದೆ ಎಂಬುದನ್ನು ನೀವೇ ಊಹಿಸಬಹುದು. ವರ್ಡ್‌ನಲ್ಲಿ ಸಾದಾ ಪಠ್ಯವಾದರೆ ಬಲಗಡೆ 255 ಅಕ್ಷರಗಳವರೆಗೆ ಹಿಡಿಯುತ್ತದೆ. ಅದಕ್ಕಿಂತ ದೊಡ್ಡದು, ಅಥವಾ ದಪ್ಪಕ್ಷರ, ಜೋಡಣೆ ಸಮೇತ ಬೇಕಾದದ್ದು ಇದ್ದರೆ, ಆ ಪಠ್ಯವನ್ನು ಮೊದಲು ಆಯ್ಕೆ ಮಾಡಿ ಪೆಟ್ಟಿಗೆ ತೆರೆದು ಫಾರ್ಮ್ಯಾಟೆಡ್ ಟೆಕ್ಸ್ಟ್ ಎಂಬುದನ್ನು ಆರಿಸಬೇಕು.

ಚುಟುಕು ಪದವನ್ನು ಆರಿಸುವಾಗ ಅದು ಕನ್ನಡದಲ್ಲಿ ಈಗಾಗಲೇ ಇರುವ ಪದವಾಗಿರಬಾರದು. ತಾಲ್ಲೂಕು ಪಂಚಾಯಿತಿಗೆ ‘ತಾಪ’ ಎಂದು ಇಟ್ಟುಕೊಳ್ಳುವುದು ಬಹಳ ಸಹಜವಾಗಿ ಹೊಳೆಯುತ್ತದೆ. ಆಮೇಲೆ ಏಪ್ರಿಲ್ ತಿಂಗಳಲ್ಲಿ ‘ಕಲಬುರಗಿಯಲ್ಲಿ ಬಿಸಿಲಿನ ತಾಪ 40 ಡಿಗ್ರಿ ದಾಟಿದೆ’ ಎಂದು ಸುದ್ದಿ ಟೈಪ್ ಮಾಡಿದರೆ, ಬಿಸಿಲಿನ ತಾಲ್ಲೂಕು ಪಂಚಾಯಿತಿ 40 ಡಿಗ್ರಿ ದಾಟಿರುತ್ತದೆ. ಪಟ್ಟಿಯ ಪ್ರತಿಯೊಂದು ಸಾಲೂ ನಾವಿನ್ನೂ ಬರೆಯದಿರುವ ವಾಕ್ಯಗಳ ಬಗ್ಗೆ ಈಗಲೇ ಕೊಟ್ಟುಬಿಡುವ ತೀರ್ಪು. ಆ ವಾಕ್ಯ ಬಂದಾಗ ನಮ್ಮನ್ನು ಯಾರೂ ಕೇಳುವುದಿಲ್ಲ.

ಊರಿನ ಹೆಸರುಗಳ ವಿಷಯದಲ್ಲಿ ಈ ಮಾತು ಇನ್ನೂ ಗಂಭೀರವಾಗುತ್ತದೆ. 2014ರ ನವೆಂಬರ್ 1ರಂದು ಗುಲಬರ್ಗಾ ಎಂಬ ಹೆಸರು ಅಧಿಕೃತವಾಗಿ ಕಲಬುರಗಿಯಾಯಿತು. ಹಳೆಯ ರೂಢಿಯ ಬೆರಳು ‘ಗುಲಬರ್ಗಾ’ ಎಂದೇ ಬರೆಯುತ್ತದೆಂದು ಪಟ್ಟಿಯಲ್ಲಿ ಅದನ್ನು ಎಡಗಡೆಗೂ ‘ಕಲಬುರಗಿ’ಯನ್ನು ಬಲಗಡೆಗೂ ಇಟ್ಟುಕೊಳ್ಳುವವರಿದ್ದಾರೆ. ಆದರೆ 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಹೆಸರು ಗುಲಬರ್ಗಾ ವಿಶ್ವವಿದ್ಯಾಲಯ ಎಂದೇ ಉಳಿದುಬಂದಿದೆ. ಅಂಥ ಕಂಪ್ಯೂಟರ್‌ನಲ್ಲಿ ಟೈಪ್ ಆದ ಪ್ರತಿ ಸ್ವವಿವರದಲ್ಲೂ ಪದವಿ ಕೊಟ್ಟ ಸಂಸ್ಥೆಯ ಹೆಸರು ತಪ್ಪಾಗುತ್ತದೆ, ಅಂಕಪಟ್ಟಿಯ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗುವುದಿಲ್ಲ. 2014ಕ್ಕಿಂತ ಹಿಂದಿನ ಆದೇಶವನ್ನು ಪದಶಃ ಉದ್ಧರಿಸುವಾಗಲೂ ಹೀಗೆಯೇ. ಈ ಸಾಲನ್ನು ಪಟ್ಟಿಗೆ ಸೇರಿಸಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಬರೆದು ಮುಗಿದ ಮೇಲೆ ಫೈಂಡ್ ಬಳಸಿ ಒಂದೊಂದನ್ನೇ ನೋಡಿ ಬದಲಿಸುವುದು ಸರಿಯಾದ ದಾರಿ.

ಇದಕ್ಕೆ ವಿರುದ್ಧವಾಗಿ, ‘ಕಲ್ಬುರ್ಗಿ’ ಎಂಬುದನ್ನು ‘ಕಲಬುರಗಿ’ ಮಾಡುವುದು ಊರಿನ ಮಟ್ಟಿಗೆ ಸರಿಯೇ, ವ್ಯಕ್ತಿಗಳ ಅಡ್ಡಹೆಸರು ಬಂದಾಗ ಮಾತ್ರ ಎಚ್ಚರ ಬೇಕು. ಆದರೆ ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ವರ್ಡ್ ಇಡೀ ಪದವನ್ನು ಮಾತ್ರ ಹೋಲಿಸಿ ನೋಡುತ್ತದೆ. ಕನ್ನಡದಲ್ಲಿ ಊರಿನ ಹೆಸರು ಬರಿದಾಗಿ ಬರುವುದು ಅಪರೂಪ. ಕಲ್ಬುರ್ಗಿಯಲ್ಲಿ, ಕಲ್ಬುರ್ಗಿಗೆ, ಕಲ್ಬುರ್ಗಿಯಿಂದ, ಕಲ್ಬುರ್ಗಿಯವರು ಎಂದೇ ಬರುತ್ತದೆ, ಇವು ಯಾವುವೂ ಪಟ್ಟಿಯಲ್ಲಿರುವುದಿಲ್ಲ. ವಿಭಕ್ತಿಗೊಂದು ಸಾಲು ಸೇರಿಸುತ್ತ ಹೋದರೆ ಕೆಲಸ ಮುಗಿಯುವುದಿಲ್ಲ. ಲಿಬ್ರೆಆಫೀಸ್ ಇಲ್ಲಿ ಮೇಲುಗೈ ಪಡೆಯುತ್ತದೆ. ಎಡಗಡೆಯ ಪದದ ಕೊನೆಗೆ ಒಂದು ಚುಕ್ಕೆ, ಒಂದು ನಕ್ಷತ್ರ ಸೇರಿಸಿ ‘ಕಲ್ಬುರ್ಗಿ.*’ ಎಂದು ಬರೆದರೆ, ಆ ಮೊದಲ ಭಾಗ ಹೊಂದಿದ ಯಾವ ಪದ ಬಂದರೂ ಅಷ್ಟನ್ನೇ ಬದಲಿಸಿ ಕೊನೆಯ ಪ್ರತ್ಯಯವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಎರಡೂ ರೂಪಗಳು ಇಕಾರದಲ್ಲಿ ಮುಗಿಯುವುದರಿಂದ ‘ಕಲಬುರಗಿಯಲ್ಲಿ’ ಎಂದು ಸರಿಯಾಗಿಯೇ ಕೂಡುತ್ತದೆ. ಕೊನೆಯ ಸ್ವರ ಬೇರೆಯಾದರೆ ಮಾತ್ರ ಎಡವಟ್ಟು: ‘ಯಾದಗೀರ.*’ ಎಂಬುದನ್ನು ‘ಯಾದಗಿರಿ’ ಎಂದು ಬದಲಿಸಲು ಹೇಳಿದರೆ, ‘ಯಾದಗೀರದಲ್ಲಿ’ ಎಂಬುದು ‘ಯಾದಗಿರಿದಲ್ಲಿ’ ಆಗುತ್ತದೆ. ಸಂಧಿಯ ನಿಯಮ ಯಂತ್ರಕ್ಕೆ ಗೊತ್ತಿಲ್ಲ, ಆದ್ದರಿಂದ ಇಂಥ ಸಾಲು ಸೇರಿಸುವ ಮೊದಲು ನಾಲ್ಕಾರು ವಿಭಕ್ತಿ ಹಚ್ಚಿ ಪರೀಕ್ಷಿಸಬೇಕು.

ಸಭೆಯಲ್ಲಿ ಒಬ್ಬರು ಕೇಳಿದರು: ಪಟ್ಟಿಯಲ್ಲಿರುವ ಪದವನ್ನೇ ಬರೆದರೂ ಕೆಲವೊಮ್ಮೆ ಬದಲಾಗುವುದಿಲ್ಲ, ಏಕೆ? ಕಣ್ಣಿಗೆ ಒಂದೇ ರೀತಿ ಕಂಡರೂ ಯೂನಿಕೋಡ್‌ನಲ್ಲಿ ಪದ ಬೇರೆಯಾಗಿರಬಹುದು ಎಂಬುದೇ ಇದಕ್ಕೆ ಉತ್ತರ. ‘ಸೇಡಂ’ ಎಂಬುದರ ಕೊನೆಯಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಹಾಕುವ ಅಭ್ಯಾಸ ಅನೇಕರಲ್ಲಿದೆ. ‘ಸೇಡ೦’ ಎಂದು ಅಚ್ಚಿನಲ್ಲಿ ನೋಡಿದರೆ ಭೇದವೇ ತಿಳಿಯದು, ಆದರೆ ಕಂಪ್ಯೂಟರ್‌ಗೆ ಅದು ‘ಸೇಡ’ ಎಂಬುದರ ಮುಂದೆ ಬರೆದ ಅಂಕಿ. ಒಕಾರದ ಗುರುತನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಗುರುತಿನ ಮುಂದೆ ಊಕಾರದ ಗುರುತು ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಟೈಪಿಂಗ್ ತಂತ್ರಾಂಶ ಬದಲಾದರೆ ಇದೂ ಬದಲಾಗುವ ಸಾಧ್ಯತೆ ಇದೆ. ನೀವು ದಿನವೂ ಬಳಸುವ ಕೀಲಿಮಣೆಯಿಂದಲೇ ಪಟ್ಟಿಯನ್ನು ತುಂಬಬೇಕು, ಬೇರೆಡೆಯಿಂದ ನಕಲು ಮಾಡಿ ಅಂಟಿಸಬಾರದು ಎಂದು ನಾನು ಹೇಳುವುದು ಇದಕ್ಕೇ. ಕಾಣದ ಅಕ್ಷರದ ವಿಷಯದಲ್ಲಿ ಮಾತ್ರ ಆಟೋಕರೆಕ್ಟ್ ಬಹಳ ಉಪಕಾರಿ. ‘ಹುಮನಾಬಾದ್‌ನಲ್ಲಿ’ ಎಂದು ಬರೆಯಲು ದಕಾರಕ್ಕೂ ನಕಾರಕ್ಕೂ ನಡುವೆ ಕೂಡದಂತೆ ತಡೆಯುವ ಶೂನ್ಯ ಅಗಲದ ಅಕ್ಷರವೊಂದು ಬೇಕು, ಅದನ್ನು ಮರೆತರೆ ‘ಹುಮನಾಬಾದ್ನಲ್ಲಿ’ ಎಂದು ಒತ್ತಕ್ಷರವಾಗುತ್ತದೆ. ತಪ್ಪು ರೂಪವನ್ನು ಎಡಕ್ಕೂ ಸರಿ ರೂಪವನ್ನು ಬಲಕ್ಕೂ ಒಮ್ಮೆ ತುಂಬಿಟ್ಟರೆ ಮುಂದೆ ಆ ಕೀಲಿಯನ್ನು ಹುಡುಕಬೇಕಿಲ್ಲ. ಔರಾದ್‌ನಲ್ಲಿ, ಸಾಫ್ಟ್‌ವೇರ್, ಬ್ಯಾಂಕ್‌ಗಳು, ಇಂಥವನ್ನೆಲ್ಲ ಸೇರಿಸಿಕೊಳ್ಳಿ.

ಕಾಗುಣಿತ ಪರೀಕ್ಷಕದ ಸಲಹೆಗಳನ್ನು ತಾನಾಗಿಯೇ ಜಾರಿಗೊಳಿಸುವ ಗುರುತೊಂದು ವರ್ಡ್‌ನ ಮೊದಲ ಪುಟದ ತಳದಲ್ಲಿದೆ. ಅದನ್ನು ತೆಗೆದುಹಾಕಿ. ಕೆಂಪು ಗೆರೆ ಬಂದರೆ ನಾವು ನೋಡಿ ನಿರ್ಧರಿಸಬಹುದು, ತಾನೇ ಬದಲಿಸಿದರೆ ನೋಡುವ ಅವಕಾಶವೇ ಇಲ್ಲ. ಇಂಗ್ಲಿಷಿನಲ್ಲಿ ‘ಕೋಆಪರೇಷನ್’ ಎಂಬ ಪದ ನಡುಗೆರೆಯಿಲ್ಲದೆ ನಿಘಂಟಿನಲ್ಲಿ ಇಲ್ಲದಿದ್ದುದರಿಂದ ಅದು ಕ್ಯುಪರ್ಟಿನೊ ಎಂಬ ಅಮೆರಿಕದ ಊರಿನ ಹೆಸರಾಗಿ ಬದಲಾಗಿ, ಅಂತರರಾಷ್ಟ್ರೀಯ ಸಂಸ್ಥೆಗಳ ದಾಖಲೆಗಳಲ್ಲೇ ಅಚ್ಚಾದದ್ದುಂಟು. ನಮ್ಮ ಭಾಗದ ಮಾತಿನಲ್ಲೇ ಕಥೆ ಬರೆಯುವವರು ‘ಹ್ಯಾಂಗ’, ‘ಹೋಗ್ಲಿಕತ್ತಾರ’ ಎಂದು ಬರೆದರೆ ಗೆರೆ ಬಿದ್ದೇ ಬೀಳುತ್ತದೆ. ಅವುಗಳನ್ನು ಆ್ಯಡ್ ಟು ಡಿಕ್ಷನರಿ ಒತ್ತಿ ನಿಘಂಟಿಗೆ ಸೇರಿಸುತ್ತ ಹೋಗಬೇಕು.

ಗೂಗಲ್ ಡಾಕ್ಸ್ ಬಳಸುವವರಿಗೆ ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಸಬ್‌ಸ್ಟಿಟ್ಯೂಷನ್ಸ್ ಎಂಬ ಪುಟವಿದೆ, ಕೆಲಸ ಇದೇ. ಮೊದಲೇ ಟೈಪ್ ಆಗಿರುವ ಅಥವಾ ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿದ ಪಠ್ಯವನ್ನು ವರ್ಡ್‌ನ ಆಟೋಕರೆಕ್ಟ್ ಮುಟ್ಟುವುದಿಲ್ಲ, ಅದಕ್ಕೆ ಫೈಂಡ್ ಮತ್ತು ರಿಪ್ಲೇಸ್ ಬೇಕು.

ಕೊನೆಯದಾಗಿ, ಕಟ್ಟಿದ ಪಟ್ಟಿಯನ್ನು ಕಾಪಾಡುವುದು. ವಿಂಡೋಸ್ ಮತ್ತೆ ಹಾಕಿಸಿದಾಗ ಪಟ್ಟಿ ಅಳಿದುಹೋಯಿತೆಂದು ಗೋಳಾಡುವವರು ಬಹಳ. ವರ್ಡ್‌ನ ಸಾದಾ ನಮೂದುಗಳು ಬಳಕೆದಾರರ ರೋಮಿಂಗ್ ಫೋಲ್ಡರ್‌ನ ಒಳಗೆ ಮೈಕ್ರೋಸಾಫ್ಟ್, ಅದರೊಳಗೆ ಆಫೀಸ್ ಎಂಬಲ್ಲಿ, ಎಸಿಎಲ್ ಎಂಬ ವಿಸ್ತರಣೆಯ ಕಡತಗಳಲ್ಲಿರುತ್ತವೆ. ಎಂಎಸ್ಒ ಎಂಬ ಮೂರಕ್ಷರದ ಮುಂದೆ ಭಾಷೆಯ ಸಂಖ್ಯೆ ಇರುತ್ತದೆ. ಅಮೆರಿಕದ ಇಂಗ್ಲಿಷಿಗೆ 1033, ಕನ್ನಡಕ್ಕೆ 1099. ವಿನ್ಯಾಸ ಸಮೇತ ಉಳಿಸಿದ ನಮೂದುಗಳು ಮಾತ್ರ ನಾರ್ಮಲ್ ಟೆಂಪ್ಲೇಟಿನಲ್ಲಿರುತ್ತವೆ, ಅದನ್ನೂ ಜೊತೆಗೆ ನಕಲು ಮಾಡಬೇಕು. ಲಿಬ್ರೆಆಫೀಸ್‌ನಲ್ಲಿ ಬಳಕೆದಾರರ ಪ್ರೊಫೈಲಿನ ಆಟೋಕಾರ್ ಫೋಲ್ಡರ್‌ನಲ್ಲಿ ಭಾಷೆಗೊಂದು ಕಡತವಿರುತ್ತದೆ. ನಕಲು ಮಾಡುವಾಗ ತಂತ್ರಾಂಶವನ್ನು ಮುಚ್ಚಿರಬೇಕು. ಪಂಚಾಯಿತಿ ಕಚೇರಿಯಂತೆ ಒಂದೇ ಲಾಗಿನ್‌ನಲ್ಲಿ ಹಲವರು ಕೆಲಸ ಮಾಡುವಲ್ಲಿ ಒಬ್ಬರು ಸೇರಿಸಿದ ಸಾಲು ಎಲ್ಲರ ಬರಹವನ್ನೂ ಬದಲಿಸುತ್ತದೆ. ಅಲ್ಲಿ ಸೇರಿಸಿದ ಸಾಲುಗಳನ್ನೂ ತೆಗೆದ ಗುರುತುಗಳನ್ನೂ ತಾರೀಕು ಸಮೇತ ಒಂದು ಹಾಳೆಯಲ್ಲಿ ಬರೆದು ಕಂಪ್ಯೂಟರ್ ಪಕ್ಕದಲ್ಲಿ ಅಂಟಿಸಿಡಿ, ವರ್ಗವಾಗಿ ಹೋಗುವವರು ಮುಂದಿನವರಿಗೆ ಆ ಹಾಳೆಯನ್ನು ಚಾರ್ಜಿನ ಜೊತೆಗೇ ಒಪ್ಪಿಸಲಿ.